ಡೈರಿ ನೆಲಕ್ಕೆ ಎಪಾಕ್ಸಿ: ಬಣ್ಣ ಆರಿಸುವ ಮುಂಚೆ ತೇವ ನೋಡಿ

ಹಾಲಿನ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಒಳಗೆ ಮುಗಿಯಬೇಕು. ಹಾಗಾಗಿ ಈ ದಿನಗಳಲ್ಲಿ ಸಭೆಯ ನೋಟಿಸು ಡೈರಿ ಗೋಡೆ ಮೇಲೆ ಅಂಟಿರುತ್ತದೆ. ಲೆಕ್ಕಪತ್ರ, ಬೋನಸ್, ಮುಂದಿನ ವರ್ಷದ ಬಜೆಟ್ ಎಲ್ಲ ಆದ ಮೇಲೆ ಕೊನೆಗೊಂದು ಸಾಲು: 'ಕಟ್ಟಡ ದುರಸ್ತಿ ಮತ್ತು ಇತರೆ'. ನಾವು ಓಡಾಡುವ ಊರುಗಳಲ್ಲಿ ಆ 'ಇತರೆ'ಯೊಳಗೆ ಈಗ ಎಪಾಕ್ಸಿ ನೆಲ ಸೇರಿಕೊಳ್ಳುತ್ತಿದೆ. ಯಾರೋ ಫೋನಿನಲ್ಲಿ ಒಂದು ವಿಡಿಯೊ ತೋರಿಸುತ್ತಾರೆ. ಗುಂಡಿ ಬಿದ್ದ ಕಾಂಕ್ರೀಟ್ ಮೇಲೆ ಹಸಿರು ಬಣ್ಣದ ಗಂಜಿ ಸುರಿದು ಹಲ್ಲಿನ ಕರಣೆಯಲ್ಲಿ ಎಳೆಯುತ್ತಾರೆ, ನೆಲ ಕನ್ನಡಿ ಆಗುತ್ತದೆ. ನೋಡಿದವರಿಗೆಲ್ಲ ಆಸೆ ಹುಟ್ಟುತ್ತದೆ.

ಆಮೇಲೆ ಸಭೆಯಲ್ಲಿ ಏಳುವುದು ಎರಡೇ ಪ್ರಶ್ನೆ. ಯಾವ ಬಣ್ಣ? ಚದರಡಿಗೆ ಎಷ್ಟು?

ಇವೆರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು ಅನ್ನೋದು ನಮ್ಮ ಅಭಿಪ್ರಾಯ. ನೆಲದೊಳಗೆ ತೇವ ಎಷ್ಟಿದೆ, ಬಳಿಯುವ ಪದರ ಎಷ್ಟು ದಪ್ಪ, ಇವು ಮೊದಲು. ಈ ಎರಡಕ್ಕೆ ಉತ್ತರ ಠರಾವಿನಲ್ಲಿ ಬರೆಯದಿದ್ದರೆ ಸದಸ್ಯರು ಕೈ ಎತ್ತಬಾರದು. "ಅದೆಲ್ಲ ಅಧ್ಯಕ್ಷರು, ಸೆಕ್ರೆಟರಿ ನೋಡ್ಕೋತಾರೆ ಬಿಡ್ರಪ್ಪ" ಅನ್ನುವವರಿಗೆ ಒಂದೇ ಮಾತು. ಕಟ್ಟಡಕ್ಕೆ ಹೋಗುವ ದುಡ್ಡು ಸಂಘದ ಲಾಭದಿಂದ ಹೋಗುತ್ತದೆ. ಸಂಘದ ಲಾಭ ಅಂದರೆ ನೀವು ಬೆಳಿಗ್ಗೆ ಸಂಜೆ ಹಾಕಿದ ಹಾಲು. ನೆಲ ಎರಡು ವರ್ಷಕ್ಕೆ ಕಿತ್ತು ಬಂದರೆ ಎರಡನೇ ಸಲ ಹಾಕಿಸುವ ದುಡ್ಡೂ ಅಲ್ಲಿಂದಲೇ ಬರಬೇಕು.

ಮೊದಲು ಡೈರಿ ನೆಲ ಹಾಳಾಗುವುದು ಯಾಕೆ ಅಂತ ನೋಡೋಣ. ಕ್ಯಾನು ಎಳೆದು ಹಾಳಾಯಿತು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಉಳಿದರ್ಧ ಹಾಲಿನದೇ ಕೆಲಸ. ನೆಲಕ್ಕೆ ಚೆಲ್ಲಿದ ಹಾಲಿನಲ್ಲಿರುವ ಸಕ್ಕರೆ ಅಂಶವನ್ನು ಬ್ಯಾಕ್ಟೀರಿಯಾಗಳು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಮನೆಯಲ್ಲಿ ಹೆಪ್ಪು ಹಾಕಿದಾಗ ಮೊಸರಿಗೆ ಬರುವ ಹುಳಿ ಇದೇ. ಸಿಮೆಂಟಿನಲ್ಲಿ ಇರುವುದು ಸುಣ್ಣದ ಅಂಶ. ಹುಳಿಯೂ ಸುಣ್ಣವೂ ಸೇರಿದರೆ ನೀರಿನಲ್ಲಿ ಕರಗುವ ಉಪ್ಪಾಗುತ್ತದೆ. ನೆಲ ತೊಳೆದಾಗಲೆಲ್ಲ ಅದು ಚರಂಡಿಗೆ ಹರಿದುಹೋಗುತ್ತದೆ. ಸಿಮೆಂಟು ಹೋಗಿ ಜೆಲ್ಲಿ ಮಾತ್ರ ಹಲ್ಲು ಕಿರಿದು ನಿಲ್ಲುತ್ತದೆ. ನಿಮ್ಮ ಡೈರಿಯಲ್ಲಿ ಹಾಲು ಸುರಿಯುವ ಜಾಗ, ಚರಂಡಿಯ ಬಾಯಿ, ಕ್ಯಾನು ತೊಳೆಯುವ ಮೂಲೆ ನೋಡಿ. ನೆಲ ಹೆಚ್ಚು ಸವೆದಿರುವುದು ಅಲ್ಲೇ.

ಕಡಪ ಕಲ್ಲು, ಶಹಾಬಾದ್ ಕಲ್ಲು, ಕೋಟಾ ಕಲ್ಲು ಹಾಕಿಸಿದವರಿಗೂ ಇದೇ ಗತಿ. ಇವು ಮೂರೂ ಸುಣ್ಣದ ಜಾತಿಯ ಕಲ್ಲುಗಳು. ಅಡುಗೆಮನೆಯ ಕಡಪ ಕಟ್ಟೆ ಮೇಲೆ ನಿಂಬೆರಸ, ಹುಣಸೆ ಹುಳಿ ಬಿದ್ದ ಕಡೆ ಬೆಳ್ಳಗೆ ಕಲೆ ಉಳಿಯುತ್ತದಲ್ಲ, ಅದೇ ಲೆಕ್ಕ. ಒಂದು ಸಲ ಗುಂಡಿ ಬಿದ್ದರೆ ಅದರಲ್ಲಿ ಹಾಲು ನಿಲ್ಲುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವಾಸನೆ, ನೊಣ, ಮತ್ತೆ ಹುಳಿ. ಆದ್ದರಿಂದ ನೆಲ ಸರಿ ಮಾಡಿಸಬೇಕು ಅನ್ನುವ ಆಸೆ ತಪ್ಪಲ್ಲ. ಅದರ ಬಗ್ಗೆ ನಮ್ಮ ತಕರಾರಿಲ್ಲ.

ಎಪಾಕ್ಸಿ ಅಂದರೆ ಏನು ಅಂತ ಕೇಳುವವರಿಗೆ: ಮನೆಯಲ್ಲಿ ಮುರಿದದ್ದನ್ನು ಅಂಟಿಸಲು ಎರಡು ಟ್ಯೂಬ್ ಕಲಸುವ ಅರಾಲ್ಡೈಟ್ ಇದೆಯಲ್ಲ, ಅದೇ ವಂಶ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟನ್ ಅನ್ನುವ ರಸಾಯನ ವಿಜ್ಞಾನಿ ಹಲ್ಲಿನ ಸೆಟ್ಟಿಗೆ ಒಳ್ಳೆಯ ವಸ್ತು ಹುಡುಕುತ್ತಾ ಇದರ ಹಿಂದೆ ಬಿದ್ದವನು. ಹಲ್ಲಿಗೆ ಹುಡುಕಿದ್ದು ಈಗ ನೆಲಕ್ಕೆ ಬಂದಿದೆ! ಒಂದು ಡಬ್ಬಿಯಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿ ಮಾಡುವ ಹಾರ್ಡನರ್. ಎರಡೂ ಸೇರಿದ ಮೇಲೆ ಅದು ಪೇಂಟಿನ ಹಾಗೆ ಒಣಗುವುದಿಲ್ಲ. ಒಳಗೊಳಗೇ ಬೆಸೆದುಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಅಳತೆ ಸರಿಯಾಗಿರಬೇಕು. 'ಬೇಗ ಗಟ್ಟಿಯಾಗಲಿ' ಅಂತ ಹಾರ್ಡನರ್ ಒಂದು ಲೋಟ ಜಾಸ್ತಿ ಸುರಿದರೆ ನೆಲ ಎಂದಿಗೂ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಜಿಗುಟಾಗಿಯೋ ಪೆಡಸಾಗಿಯೋ ಉಳಿಯುತ್ತದೆ. ಕಲಸಿದ ಮೇಲೆ ಹೆಚ್ಚು ಹೊತ್ತು ಸಿಗುವುದಿಲ್ಲ. ಬಕೆಟಿನಲ್ಲೇ ಬಿಟ್ಟು ಟೀ ಕುಡಿದು ಬಂದರೆ ಅದು ಬಿಸಿಯೇರಿ ಕಲ್ಲಾಗಿರುತ್ತದೆ.

ಈ ಅಂಟು ಒಳ್ಳೆಯ ಕಾಂಕ್ರೀಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಅದಕ್ಕೆ ಸಿಗುವುದು ಒಳ್ಳೆಯ ಕಾಂಕ್ರೀಟೇ ಆಗಿರಬೇಕು.

ಕಳೆದ ಮಳೆಗಾಲದಲ್ಲಿ ನಾವು ಒಂದು ಡೈರಿಗೆ ಹೋಗಿದ್ದೆವು. ಊರ ಹೆಸರು ಬೇಡ. ಕೆರೆ ಏರಿಯ ಕೆಳಗಿನ ತಗ್ಗಿನಲ್ಲಿ ಕಟ್ಟಡ. ಎಪಾಕ್ಸಿ ಹಾಕಿಸಿ ವರ್ಷ ತುಂಬಿರಲಿಲ್ಲ. ದೂರದಿಂದ ನೋಡಿದರೆ ಚೆಂದ. ಒಳಗೆ ಕಾಲಿಟ್ಟರೆ ನೆಲದ ತುಂಬ ಬೊಬ್ಬೆ, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ. ಟೆಸ್ಟರ್ ಅಕ್ಕ ಹೆಬ್ಬೆರಳಿನಲ್ಲಿ ಒಂದು ಬೊಬ್ಬೆ ಒತ್ತಿ ತೋರಿಸಿದರು. "ನೋಡಪ್ಪ, ಒತ್ತಿದ್ರೆ ಪಚಕ್ ಅಂತ ನೀರು ಬತ್ತದೆ. ನಾವು ಮೇಲಿಂದ ತೊಳೀತೀವಿ, ಇದು ಕೆಳಗಿಂದ ಬತ್ತಾ ಐತೆ." ಕೆಲಸ ಮಾಡಿದವರಿಗೆ ಬಿಲ್ಲು ಪೂರ್ತಿ ಕೊಟ್ಟಾಗಿತ್ತು. ಅವರು ಫೋನು ಎತ್ತುತ್ತಿರಲಿಲ್ಲ.

ಅಕ್ಕ ಹೇಳಿದ್ದು ಸರಿ. ನಮ್ಮ ಹಳ್ಳಿಯ ಕಟ್ಟಡಗಳಲ್ಲಿ ನೆಲ ಹಾಕುವಾಗ ಗರಸು ತುಂಬಿ, ದಮ್ಮಸ್ಸು ಮಾಡಿ, ಅದರ ಮೇಲೆ ನೇರವಾಗಿ ಕಾಂಕ್ರೀಟ್ ಸುರಿಯುವುದು ಹೆಚ್ಚು. ಗರಸಿಗೂ ಕಾಂಕ್ರೀಟಿಗೂ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಭೂಮಿಯ ತೇವ ಅಲ್ಲೇ ನಿಲ್ಲುತ್ತಿತ್ತು. ಹಾಸಿರದಿದ್ದರೆ ಕಾಂಕ್ರೀಟು ಬತ್ತಿ ಎಣ್ಣೆ ಹೀರಿದ ಹಾಗೆ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಬರೀ ಸಿಮೆಂಟು ನೆಲವಾದರೆ ತೇವ ಗಾಳಿಗೆ ಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಸಗಣಿ ಸಾರಿಸಿದ ನೆಲವೂ ಹೀಗೇ ಉಸಿರಾಡುತ್ತಿತ್ತು. ಎಪಾಕ್ಸಿ ಹಾಕಿದ ಮೇಲೆ ಆ ದಾರಿ ಬಂದ್. ತೇವ ಪದರದ ಕೆಳಗೆ ಸೇರಿಕೊಂಡು ಒತ್ತುತ್ತದೆ, ಬೊಬ್ಬೆ ಏಳುತ್ತದೆ, ಬೊಬ್ಬೆ ಒಡೆದರೆ ಹಕ್ಕಳೆ. ಬಣ್ಣ ಯಾವುದಾದರೂ ಆಗಲಿ, ಕಂಪನಿ ಯಾವುದಾದರೂ ಆಗಲಿ.

ಇದನ್ನು ಮೊದಲೇ ತಿಳಿಯಲು ಕಾಸು ಖರ್ಚಿಲ್ಲದ ಒಂದು ದಾರಿ ಇದೆ. ದಿನಾ ತೊಳೆಯದ ಒಂದು ಮೂಲೆ ಆರಿಸಿ, ಬಿಸಿಲು ಬೀಳದ ಕಡೆ. ಎರಡು ದಿನ ಅಲ್ಲಿ ನೀರು ಹಾಕಬೇಡಿ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಕಡೆ ಟೇಪು ಬಿಗಿಯಾಗಿ ಅಂಟಿಸಿ. ಕನಿಷ್ಠ 16 ಗಂಟೆ ಬಿಡಬೇಕು. ಸಂಜೆ ಅಂಟಿಸಿದರೆ ಮರುದಿನ ಮಧ್ಯಾಹ್ನ ಬಿಚ್ಚಿ. ಹಾಳೆಯ ಒಳಗೆ ಹನಿ ಕಟ್ಟಿದ್ದರೆ, ಅಥವಾ ನೆಲ ಆ ಚೌಕದಷ್ಟು ಕಪ್ಪಾಗಿದ್ದರೆ ಕೆಳಗಿನಿಂದ ತೇವ ಬರುತ್ತಿದೆ ಅಂತ ಅರ್ಥ. ಎರಡು ಮೂರು ಕಡೆ ಮಾಡಿ ನೋಡಿ. ಒಂದೇ ಕೋಣೆಯಲ್ಲಿ ಒಂದು ಮೂಲೆ ಒಣಗಿ ಇನ್ನೊಂದು ಮೂಲೆ ಒದ್ದೆ ಇರಬಹುದು. ಗುತ್ತಿಗೆದಾರರ ಹತ್ತಿರ ತೇವ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಸಾಮಾನ್ಯವಾಗಿ ಎಪಾಕ್ಸಿಗೆ ಕಾಂಕ್ರೀಟಿನ ತೇವ ಶೇಕಡ 4ಕ್ಕಿಂತ ಕಡಿಮೆ ಇರಬೇಕು ಅನ್ನುತ್ತಾರೆ. ಆ ಅಂಕಿ ಕಾಗದದ ಮೇಲೆ ಬರಲಿ.

ಇಲ್ಲೊಂದು ವಿಷಯ ಇದೆ. ಈ ಪರೀಕ್ಷೆಯನ್ನು ಮಾರ್ಚ್ ತಿಂಗಳಲ್ಲಿ ಮಾಡಿದರೆ ಕೆರೆ ಕೆಳಗಿನ ಕಟ್ಟಡವೂ ಪಾಸಾಗಬಹುದು. ಮಳೆಗಾಲದಲ್ಲಿ, ಕೆರೆ ತುಂಬಿದಾಗ ಮಾಡಿದರೆ ನಿಜ ಗೊತ್ತಾಗುತ್ತದೆ. ಎಪಾಕ್ಸಿ ಹಾಕುವ ಕೆಲಸಕ್ಕೋ ಒಣ ಹವೆ ಬೇಕು. ಮಳೆಯ ಥಂಡಿಯಲ್ಲಿ ಹಾಕಿದರೆ ಮೇಲೆ ಬೆಳ್ಳಗೆ ಜಿಡ್ಡಿನ ಹಾಗೆ ಪೊರೆ ಕಟ್ಟಬಹುದು. ಆದ್ದರಿಂದ ಪರೀಕ್ಷೆ ಈಗ, ಕೆಲಸ ಸಂಕ್ರಾಂತಿ ಕಳೆದು ಯುಗಾದಿಯ ಒಳಗೆ. ಸೆಪ್ಟೆಂಬರಿನ ಸಭೆಗೆ ಇದು ಸರಿಯಾಗಿಯೇ ಹೊಂದುತ್ತದೆ. ಹೊಸ ಕಟ್ಟಡವಾದರೆ ಕಾಂಕ್ರೀಟ್ ಹಾಕಿ ಕನಿಷ್ಠ 28 ದಿನ ಆಗುವವರೆಗೆ ಎಪಾಕ್ಸಿಯ ಮಾತು ಎತ್ತಬಾರದು. ಉದ್ಘಾಟನೆಗೆ ಎಂಎಲ್ಎ ಬರುವ ತಾರೀಖು ನೋಡಿ ನೆಲ ಬಳಿಯುವುದನ್ನು ನಾವು ನೋಡಿದ್ದೇವೆ. ಕಾಂಕ್ರೀಟಿಗೆ ಎಂಎಲ್ಎ ಗೊತ್ತಿಲ್ಲ.

ಹಳೆಯ ನೆಲಕ್ಕೆ ಇನ್ನೊಂದು ತೊಂದರೆ, ಜಿಡ್ಡು. ವರ್ಷಗಟ್ಟಲೆ ಹಾಲಿನ ಕೊಬ್ಬು ಕುಡಿದ ಕಾಂಕ್ರೀಟ್ ಅದು. ನೆಲದ ಮೇಲೆ ನಾಲ್ಕು ಹನಿ ನೀರು ಹಾಕಿ. ಹೀರಿಕೊಂಡರೆ ಸರಿ. ಕೆಸುವಿನೆಲೆ ಮೇಲಿನ ಹಾಗೆ ಹನಿಯಾಗಿಯೇ ನಿಂತರೆ ಜಿಡ್ಡು ಇದೆ, ಎಪಾಕ್ಸಿಯೂ ಹಿಡಿಯುವುದಿಲ್ಲ. ಮೊಳೆಯಲ್ಲಿ ಗೀರಿದರೆ ಪುಡಿ ಉದುರುತ್ತದಾ, ಅದನ್ನೂ ನೋಡಿ. ಜಿಡ್ಡು ತೆಗೆದು, ಸಡಿಲವಾದದ್ದನ್ನೆಲ್ಲ ಮೆಷಿನ್ನಿನಲ್ಲಿ ಉಜ್ಜಿ ತೆಗೆದು, ಧೂಳನ್ನು ವ್ಯಾಕ್ಯೂಮ್ ಹಾಕಿ ಎಳೆದ ಮೇಲೆಯೇ ಪ್ರೈಮರ್. ಈ ಕೆಲಸಕ್ಕೆ ಎಪಾಕ್ಸಿ ಬಳಿಯುವುದಕ್ಕಿಂತ ಹೆಚ್ಚು ಹೊತ್ತು ಬೇಕು. ವಿಡಿಯೊದಲ್ಲಿ ಇದನ್ನು ತೋರಿಸುವುದಿಲ್ಲ, ನೋಡಲು ಮಜಾ ಇಲ್ಲವಲ್ಲ. ಬೆಳಿಗ್ಗೆ ಬಂದು ಕಸ ಗುಡಿಸಿ ಮಧ್ಯಾಹ್ನಕ್ಕೆ ಬಣ್ಣ ಕಲಸುವವರು ಬಂದರೆ ಅಲ್ಲೇ ನಿಲ್ಲಿಸಿ.

ಇನ್ನು ದಪ್ಪ. 'ಹೆವಿ ಡ್ಯೂಟಿ' ಅನ್ನುವ ಪದ ಕೊಟೇಶನ್ನಿನಲ್ಲಿ ಇದ್ದೇ ಇರುತ್ತದೆ. ಆ ಪದಕ್ಕೆ ಅಳತೆ ಇಲ್ಲ, ಮಿಲಿಮೀಟರಿಗೆ ಇದೆ. ರೋಲರಿನಲ್ಲಿ ಎರಡು ಕೋಟು ಹೊಡೆಯುವ ಎಪಾಕ್ಸಿ ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಸುರಿದು ಹರಡುವ ಎಪಾಕ್ಸಿ 2ರಿಂದ 3 ಮಿಲಿಮೀಟರ್. ಕ್ವಾರ್ಟ್ಸ್ ಮರಳು ಕಲಸಿ ಕರಣೆಯಲ್ಲಿ ಒತ್ತಿ ಹಾಕುವ ಗಾರೆಯಂಥದ್ದು 4ರಿಂದ 6 ಮಿಲಿಮೀಟರ್, ಇನ್ನೂ ಹೆಚ್ಚೂ ಇರುತ್ತದೆ. ತುಂಬಿದ ಕ್ಯಾನು ದಬಾರನೆ ಇಳಿಸುವ ಜಾಗಕ್ಕೆ ಮೊದಲನೆಯದು ಬರೀ ಬಣ್ಣ.

ಆದರೆ ಬಳಿದ ಮೇಲೆ ದಪ್ಪ ಎಷ್ಟಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಇದಕ್ಕೆ ಹಾಲಿನವರ ಲೆಕ್ಕವೇ ಸಾಕು. ಒಂದು ಚದರ, ಅಂದರೆ 100 ಚದರಡಿ ನೆಲದ ಮೇಲೆ 1 ಮಿಲಿಮೀಟರ್ ದಪ್ಪ ನಿಲ್ಲಬೇಕಾದರೆ 9.3 ಲೀಟರ್ ಮಾಲು ಬೇಕು. ಮೂರು ಚದರದ ಡೈರಿಗೆ 3 ಮಿಲಿಮೀಟರ್ ಅಂದರೆ ಸುಮಾರು 84 ಲೀಟರ್, 40 ಲೀಟರಿನ ಎರಡು ಹಾಲಿನ ಕ್ಯಾನು ತುಂಬಿ ಇನ್ನೂ ನಾಲ್ಕು ಲೀಟರ್. ಅದೇ ನೆಲಕ್ಕೆ ಮಿಲಿಮೀಟರಿನ ಕಾಲು ಭಾಗ ಬಳಿದರೆ ಸಾಕಾಗುವುದು 7 ಲೀಟರ್. 3 ಮಿಲಿಮೀಟರ್ ಅಂತ ಬಿಲ್ಲು ಬರೆದು ಎರಡು ಸಣ್ಣ ಡಬ್ಬಿ ಹಿಡಿದು ಬಂದವರನ್ನು ಯಾವ ಎಂಜಿನಿಯರೂ ಇಲ್ಲದೆ ನೀವೇ ಹಿಡಿಯಬಹುದು. ಮರಳು, ಪುಡಿ ಕಲಸುವ ಬಗೆಯಾದರೆ ಅದೂ ಈ ಲೆಕ್ಕದಲ್ಲಿ ಸೇರುತ್ತದೆ, ಆಗ ಕಲಸಿದ ಮೇಲಿನ ಅಳತೆ ನೋಡಿ. ಥಿನ್ನರ್ ಬೆರೆಸಿದರೆ ಆ ಪಾಲು ಗಾಳಿಗೆ ಹಾರಿಹೋಗುತ್ತದೆ, ನೆಲದಲ್ಲಿ ಉಳಿಯುವುದಿಲ್ಲ. ಖಾಲಿ ಡಬ್ಬಿಗಳನ್ನು ಲೆಕ್ಕ ಮುಗಿಯುವವರೆಗೆ ಡೈರಿಯಲ್ಲೇ ಇಟ್ಟುಕೊಳ್ಳಿ. ದಿನಾ ಹಾಲಿಗೆ ನೀರು ಬೆರೆಸಿದ್ದಾರಾ ಅಂತ ಲ್ಯಾಕ್ಟೋಮೀಟರ್ ಬಿಟ್ಟು ನೋಡುವ ನಾವು ನೆಲದ ವಿಷಯದಲ್ಲಿ ಮಾತ್ರ ಯಾಕೆ ನಂಬಿ ಕೂರಬೇಕು?

ಇಷ್ಟೆಲ್ಲ ಸರಿ ಮಾಡಿದರೂ ಹಾಲು ಸುರಿಯುವ ಕೋಣೆಗೆ ಎಪಾಕ್ಸಿಯೇ ಬೇಕಾ ಅನ್ನುವುದು ಇನ್ನೊಂದು ಮಾತು. ನಮಗೆ ಅನುಮಾನ ಇದೆ. ಸಾಮಾನ್ಯ ನೆಲದ ಎಪಾಕ್ಸಿ 60 ಡಿಗ್ರಿ ಆಸುಪಾಸಿನ ಬಿಸಿಗೆ ಮೆತ್ತಗಾಗತೊಡಗುತ್ತದೆ. ಬಿಎಂಸಿ ಟ್ಯಾಂಕು, ಕ್ಯಾನು ತೊಳೆಯುವ ಬಿಸಿನೀರು ದಿನಾ ಅದರ ಮೇಲೆ ಬೀಳುತ್ತದೆ. ಬಿಸಿಗೆ ಎಪಾಕ್ಸಿ ಹಿಗ್ಗುವಷ್ಟು ಕಾಂಕ್ರೀಟು ಹಿಗ್ಗುವುದಿಲ್ಲ, ಇಬ್ಬರ ನಡುವೆ ಎಳೆದಾಟ. ಲ್ಯಾಕ್ಟಿಕ್ ಆಮ್ಲವೂ ನಿಧಾನಕ್ಕೆ ಸಾಮಾನ್ಯ ಎಪಾಕ್ಸಿಯನ್ನು ಕೆಡಿಸುತ್ತದೆ. ದೊಡ್ಡ ಡೈರಿಗಳಲ್ಲಿ, ಆಹಾರದ ಕಾರ್ಖಾನೆಗಳಲ್ಲಿ ಇಂಥ ಜಾಗಕ್ಕೆ ಪಾಲಿಯುರೆಥೇನ್ ಕಾಂಕ್ರೀಟ್, ಬಾಯಿಮಾತಿನಲ್ಲಿ ಪಿಯು ನೆಲ, ಹಾಕುತ್ತಾರೆ. ಅದು 6ರಿಂದ 9 ಮಿಲಿಮೀಟರ್ ದಪ್ಪ, ಬಿಸಿನೀರನ್ನೂ ಹುಳಿಯನ್ನೂ ಹೆಚ್ಚು ತಾಳುತ್ತದೆ, ತೇವಕ್ಕೂ ಅಷ್ಟು ಹೆದರುವುದಿಲ್ಲ. ಬೆಲೆ ಜಾಸ್ತಿ.

ಅಷ್ಟು ದುಡ್ಡಿಲ್ಲದ ಸಂಘ ಏನು ಮಾಡಬೇಕು? ನಮ್ಮನ್ನು ಕೇಳಿದರೆ ಗ್ರಾನೈಟ್. ಅದು ಸುಣ್ಣದ ಕಲ್ಲಲ್ಲ, ಮೊಸರಿನ ಹುಳಿಗೆ ಜಗ್ಗುವುದಿಲ್ಲ. ಪಾಲಿಶ್ ಮಾಡಿದ್ದು ಬೇಡ, ಜಾರುತ್ತದೆ. ಒರಟು ಮೈಯ ದಪ್ಪ ಕಲ್ಲು ಹಾಕಿ, ಸಂದಿಗೆ ಮಾತ್ರ ಸಿಮೆಂಟಿನ ಬದಲು ಎಪಾಕ್ಸಿ ಗ್ರೌಟ್ ತುಂಬಿಸಿ. ಸಂದಿಯ ಸಿಮೆಂಟನ್ನು ಹುಳಿ ಮೊದಲು ತಿನ್ನುತ್ತದೆ, ಆಮೇಲೆ ಕಲ್ಲು ಅಲುಗಾಡುತ್ತದೆ. ಎಪಾಕ್ಸಿ ಪರ ಇರುವವರು ಹೇಳುವ ಒಂದು ಮಾತನ್ನು ಒಪ್ಪಬೇಕು. ಸಂದಿಯೇ ಇಲ್ಲದ ನೆಲ ತೊಳೆಯಲು ಸುಲಭ, ಕೊಳೆ ಸೇರುವ ಜಾಗ ಇಲ್ಲ. ಹಾಗಾಗಿ ಫ್ಯಾಟ್ ಟೆಸ್ಟ್ ಮಾಡುವ ಕೋಣೆ, ಕಚೇರಿ, ಫೀಡ್ ಮೂಟೆ ಇಡುವ ಗೋಡೌನು, ಇಲ್ಲೆಲ್ಲ ಎಪಾಕ್ಸಿ ಚೆನ್ನಾಗಿಯೇ ಬಾಳುತ್ತದೆ. ಬಿಸಿಲು ಬೀಳುವ ಜಗುಲಿಗೆ, ಅಂಗಳಕ್ಕೆ ಬೇಡ. ಬಿಸಿಲಿಗೆ ಅದು ಹಳದಿಯಾಗಿ ಪುಡಿಪುಡಿ ಏಳುತ್ತದೆ. ಕಾಫಿ ಕಣಕ್ಕೆ ಹಾಕಿಸಬಹುದಾ ಅಂತ ಮಲೆನಾಡಿನ ಓದುಗರೊಬ್ಬರು ಕೇಳಿದ್ದರು. ಅವರಿಗೂ ಇದೇ ಉತ್ತರ.

ಯಾವ ನೆಲ ಆದರೂ ವಾಟ ಮುಖ್ಯ. ಹತ್ತು ಅಡಿಗೆ ಒಂದೂವರೆ ಇಂಚು ಇಳಿಜಾರು ಚರಂಡಿ ಕಡೆಗೆ ಇರಬೇಕು. ಇಲ್ಲಿ ಒಂದು ಮೋಸ ಆಗುವುದುಂಟು. ಸುರಿದು ಹರಡುವ ಎಪಾಕ್ಸಿ ನೀರಿನ ಹಾಗೆ ತಗ್ಗಿಗೆ ಹರಿದು ಮಟ್ಟವಾಗಿ ನಿಲ್ಲುತ್ತದೆ. ವಾಟ ಇರುವ ನೆಲಕ್ಕೆ ಅದು ಕೂಡದು, ಕರಣೆಯಲ್ಲಿ ಒತ್ತುವುದೇ ಬೇಕು. ಕನ್ನಡಿಯಂಥ ನೆಲದ ಮೇಲೆ ಹಾಲು, ನೀರು ಬಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಬೆಳಿಗ್ಗೆ ಆರಕ್ಕೆ ಕ್ಯಾನು ಎತ್ತಿಕೊಂಡು ಬರುವವರಲ್ಲಿ ಹವಾಯಿ ಚಪ್ಪಲಿಯ ಅಜ್ಜಿಯರೂ ಇದ್ದಾರೆ, ಬಸುರಿ ಹೆಣ್ಣುಮಕ್ಕಳೂ ಇದ್ದಾರೆ. ಕೋಟುಗಳ ನಡುವೆ ಕ್ವಾರ್ಟ್ಸ್ ಮರಳು ಎರಚಿ ಒರಟು ಮಾಡಿಸಿ. ತೊಳೆಯುವವರಿಗೆ ಸ್ವಲ್ಪ ಕಷ್ಟ ಜಾಸ್ತಿ ಆಗುತ್ತದೆ, ನಿಜ. ಸೊಂಟ ಮುರಿಯುವುದಕ್ಕಿಂತ ಮೇಲು.

ಈ ಕೆಲಸ ಮಾಡಲು ಬರುವ ಹುಡುಗರ ಬಗ್ಗೆ ಸಭೆಯಲ್ಲಿ ಯಾರೂ ಮಾತಾಡುವುದನ್ನು ನಾವು ಕೇಳಿಲ್ಲ. ಬರಿಗೈಯಲ್ಲಿ ಕಲಸುತ್ತಾರೆ, ಬರಿಗಾಲಲ್ಲಿ ನಿಲ್ಲುತ್ತಾರೆ, ಸಂಜೆ ಥಿನ್ನರಿನಲ್ಲಿ ಕೈ ತೊಳೆಯುತ್ತಾರೆ. ಗಟ್ಟಿಯಾಗುವ ಮುಂಚೆ ಎಪಾಕ್ಸಿಯೂ ಅದರ ಹಾರ್ಡನರೂ ಚರ್ಮಕ್ಕೆ ಕೆಟ್ಟವು. ಪದೇಪದೇ ತಾಗಿದರೆ ಕೆಲವರಿಗೆ ಅಲರ್ಜಿ ಶುರುವಾಗುತ್ತದೆ. ತುರಿಕೆ, ಗುಳ್ಳೆ, ಚರ್ಮ ಬಿರಿಯುವುದು. ಒಮ್ಮೆ ಶುರುವಾದರೆ ಅದು ಸಾಮಾನ್ಯವಾಗಿ ಜೀವಮಾನ ಬಿಡುವುದಿಲ್ಲ. ಆಮೇಲೆ ಒಂದಿಷ್ಟು ತಾಗಿದರೂ ಕೆರಳುತ್ತದೆ, ಆ ಹುಡುಗ ಈ ಕೆಲಸವನ್ನೇ ಬಿಡಬೇಕಾಗುತ್ತದೆ. ಥಿನ್ನರು ಚರ್ಮದ ಜಿಡ್ಡು ತೆಗೆದು ಇನ್ನಷ್ಟು ಒಳಗೆ ಇಳಿಯಲು ದಾರಿ ಮಾಡುತ್ತದೆ. ನೈಟ್ರೈಲ್ ಗ್ಲೌಸು, ತುಂಬುತೋಳಿನ ಅಂಗಿ, ಬೂಟು, ತೆರೆದ ಕಿಟಕಿ, ಸೋಪು, ನೀರು. ಇವನ್ನು ಗುತ್ತಿಗೆದಾರರು ತರದಿದ್ದರೆ ಕೆಲಸ ಶುರು ಮಾಡಬಾರದು ಅಂತ ಸಂಘವೇ ಬರೆಯಬಹುದು. ಒಟ್ಟು ಬಿಲ್ಲಿನ ಮುಂದೆ ಗ್ಲೌಸಿನ ಖರ್ಚು ಯಾವ ಲೆಕ್ಕ?

ಕೊನೆಗೆ ದಿನಗಳ ಲೆಕ್ಕ. ಡೈರಿಗೆ ರಜಾ ಇಲ್ಲ, ಹಸುವಿಗೆ ಭಾನುವಾರ ಗೊತ್ತಿಲ್ಲ. ಇದೇ ಕಾರಣಕ್ಕೆ 'ಸಂಜೆ ಹಾಲು ಮುಗಿದ ಮೇಲೆ ಬಳಿದು ಬೆಳಿಗ್ಗೆ ಬಿಡ್ತೀವಿ' ಅನ್ನುವವರಿಗೆ ಬೆಲೆ. ಎಪಾಕ್ಸಿ ಮೇಲೆ ನಡೆಯಲು ಒಂದು ದಿನ ಬೇಕು. ಪೂರ್ತಿ ಗಟ್ಟಿಯಾಗಿ ನೀರು, ಹುಳಿ, ಭಾರ ತಾಳಲು ಸುಮಾರು ಏಳು ದಿನ ಬೇಕು. ಉಜ್ಜುವ ಕೆಲಸವೂ ಸೇರಿದರೆ ಹತ್ತು ಹನ್ನೆರಡು ದಿನ ಡೈರಿಯ ಆ ಕೋಣೆ ಖಾಲಿ ಇರಬೇಕು. ಅಷ್ಟು ದಿನ ಹಾಲು ಅಳೆಯಲು ಸಮುದಾಯ ಭವನವೋ, ಶಾಲೆಯ ಹಳೆ ಕೊಠಡಿಯೋ ಗೊತ್ತು ಮಾಡಿಕೊಳ್ಳಬೇಕು. ಬಿಎಂಸಿ ಇರುವ ಸಂಘವಾದರೆ ಪಕ್ಕದ ಊರಿನ ಬಿಎಂಸಿಗೆ ಕ್ಯಾನು ಸಾಗಿಸುವ ಬಗ್ಗೆ ಒಕ್ಕೂಟದ ಮೇಲ್ವಿಚಾರಕರ ಹತ್ತಿರ ಮೊದಲೇ ಮಾತಾಡಬೇಕು. ವಾಸನೆ ಪೂರ್ತಿ ಹೋಗುವವರೆಗೆ ಹಾಲನ್ನು ಒಳಗೆ ತರಬೇಡಿ. ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ ಅನ್ನುವುದು ಫ್ರಿಜ್ಜಿನಲ್ಲಿ ಈರುಳ್ಳಿ ಪಕ್ಕ ಹಾಲಿಟ್ಟ ಎಲ್ಲರಿಗೂ ಗೊತ್ತು.

ಬಿಲ್ಲಿನ ಒಂದು ಪಾಲನ್ನು ಮುಂದಿನ ಮಳೆಗಾಲ ಕಳೆಯುವವರೆಗೆ ತಡೆಹಿಡಿಯುತ್ತೇವೆ ಅಂತ ಕರಾರಿನಲ್ಲಿ ಸೇರಿಸಿ. ಇದಕ್ಕೆ ಒಪ್ಪದ ಗುತ್ತಿಗೆದಾರರು ಮೀಟರ್ ಕೂಡ ತಂದಿರುವುದಿಲ್ಲ, ನೋಡಿ ಬೇಕಾದರೆ. ಠರಾವು ಬರೆಯುವಾಗ ಸೆಕ್ರೆಟರಿ ಹತ್ತಿರ ಕೂತು ಇಷ್ಟು ಬರೆಸಿ: ತೇವ ಪರೀಕ್ಷೆ ಮಾಡಿದ ತಾರೀಖು ಮತ್ತು ಫಲಿತಾಂಶ, ಯಾವ ಕೋಣೆಗೆ ಯಾವ ನೆಲ, ಎಷ್ಟು ಮಿಲಿಮೀಟರ್, ಎಷ್ಟು ಲೀಟರ್ ಮಾಲು, ವಾಟ ಎಷ್ಟು, ತಡೆಹಿಡಿಯುವ ಹಣ ಎಷ್ಟು. ಬಣ್ಣದ ಮಾತು ಆಮೇಲೆ ಬರಲಿ. ತಿಳಿ ಬೂದು ಬಣ್ಣದಲ್ಲಿ ಚೆಲ್ಲಿದ ಹಾಲೂ ಕಾಣುತ್ತದೆ, ಕೊಳೆಯೂ ಕಾಣುತ್ತದೆ.